ಮೈಯೊಳಗಿನ ಮದ್ದು, ಹೆಗಲ ಮೇಲಿನ ಹೊಣೆ

(ಮನೋಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸವೆಂದರೆ ಶರಣ ಸಾಹಿತ್ಯದ ಮೇಲೋ ನಾಡಿನ ಚರಿತ್ರೆಯ ಮೇಲೋ ಮಾತನಾಡುವುದು ರೂಢಿ. ವೃತ್ತಿಯಿಂದ ವಕೀಲನಾದ ನಾನು ಈ ಸಲ ಕ್ರೀಡೆಯ ಕಾನೂನನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣ ಈ ನೆಲವೇ. ಮಲಪ್ರಭೆಯ ಎರಡೂ ದಂಡೆಯ ಊರುಗಳಲ್ಲಿ ಜಾತ್ರೆಯ ಕುಸ್ತಿ ಇಲ್ಲದೆ ಜಾತ್ರೆ ಮುಗಿಯುವುದಿಲ್ಲ. ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾ ವಸತಿ ಶಾಲೆಗೆ ಎಷ್ಟೋ ಊರುಗಳ ಮಕ್ಕಳು ಬಂದು ಕುಸ್ತಿ, ಸೈಕ್ಲಿಂಗ್ ಕಲಿಯುತ್ತಾರೆ. ಹೊಲದ ಮನೆಗಳ ಈ ಮಕ್ಕಳು ಜಿಲ್ಲೆ ದಾಟಿ, ರಾಜ್ಯ ದಾಟಿ ರಾಷ್ಟ್ರೀಯ ಕೂಟಕ್ಕೆ ಹೋದ ದಿನ ಒಂದು ಕಾನೂನು ಅವರ ಬೆನ್ನಿಗೆ ಬೀಳುತ್ತದೆ. ಅದು ಎಂಥ ಕಾನೂನು, ಏಕೆ ಅಷ್ಟು ಕಠಿಣ, ಅದರ ಮುಂದೆ ನಮ್ಮ ಕರ್ತವ್ಯ ಏನು, ಇವು ಇಂದಿನ ನನ್ನ ವಿಷಯ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕ್ರೀಡಾಪಟುವಿನ ಮೈಯಲ್ಲಿ ನಿಷೇಧಿತ ಮದ್ದು ಸಿಕ್ಕರೆ ಅದಕ್ಕೆ ಅವರೇ ಹೊಣೆ ಎಂಬ ನಿಯಮ ಕಠಿಣವಾದದ್ದು, ಆದರೂ ಅದು ಇರಲೇಬೇಕು. ಇಷ್ಟು ದೊಡ್ಡ ಹೊಣೆಯನ್ನು ಹದಿನೇಳು ಹದಿನೆಂಟು ವರ್ಷದವರ ಹೆಗಲ ಮೇಲೆ ಇಟ್ಟ ಸಮಾಜ, ಅದನ್ನು ಹೊರುವ ತಿಳಿವಳಿಕೆಯನ್ನೂ ಅವರಿಗೆ ಕೊಡಬೇಕು. ಹಾಗೆ ಕೊಡದೆ ಹೊಣೆಯನ್ನು ಮಾತ್ರ ಹೊರಿಸಿದರೆ ಅದು ಅನ್ಯಾಯ.

ನಮ್ಮ ಕನ್ನಡ ನಾಡಿನದೇ ಪ್ರಕರಣದಿಂದ ಶುರು ಮಾಡೋಣ. ಅಶ್ವಿನಿ ಅಕ್ಕುಂಜಿ ಕುಂದಾಪುರ ಸೀಮೆಯ ಸಿದ್ದಾಪುರದ ರೈತ ಕುಟುಂಬದವರು. 2010ರ ಅಕ್ಟೋಬರ್ 12ರಂದು ದೆಹಲಿಯ ಕಾಮನ್‌ವೆಲ್ತ್ ಕೂಟದಲ್ಲಿ ಮಂಜೀತ್ ಕೌರ್, ಸಿನಿ ಜೋಸ್, ಮನದೀಪ್ ಕೌರ್ ಅವರ ಜೊತೆ 4x400 ಮೀಟರ್ ರಿಲೇ ಓಡಿ 3 ನಿಮಿಷ 27.77 ಸೆಕೆಂಡಿನಲ್ಲಿ ಚಿನ್ನ ಗೆದ್ದರು. 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ಮೇಲೆ ಕಾಮನ್‌ವೆಲ್ತ್ ಕೂಟದ ಓಟದಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ಮರು ತಿಂಗಳು ಚೀನಾದ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ ಅಶ್ವಿನಿ 400 ಮೀಟರ್ ಹರ್ಡಲ್ಸ್‌ನಲ್ಲಿಯೂ ರಿಲೇಯಲ್ಲಿಯೂ ಚಿನ್ನ ತಂದರು. ಕರ್ನಾಟಕವೆಲ್ಲ ಆ ಹುಡುಗಿಯ ಹೆಸರು ಹೇಳಿ ಹಿಗ್ಗಿತು.

ವರ್ಷ ತುಂಬುವುದರೊಳಗೆ, 2011ರ ಜೂನ್-ಜುಲೈನಲ್ಲಿ, ಸುದ್ದಿ ತಿರುಗಿತು. ಅಶ್ವಿನಿ, ಸಿನಿ ಜೋಸ್, ಮನದೀಪ್ ಕೌರ್ ಸೇರಿ ರಾಷ್ಟ್ರೀಯ ಶಿಬಿರದ ಆರು ಓಟಗಾರ್ತಿಯರ ಮೂತ್ರದ ಮಾದರಿಯಲ್ಲಿ ಮೆಥಾಂಡಿನೋನ್ ಸಿಕ್ಕಿತು. ಇದು ಸ್ನಾಯು ಬೆಳೆಸುವ ಸ್ಟೀರಾಯ್ಡ್. ಓಟಗಾರ್ತಿಯರು ಕೊಟ್ಟ ವಿವರಣೆ ಒಂದೇ: ಉಕ್ರೇನಿನ ತರಬೇತುದಾರ ಯೂರಿ ಒಗೊರೊದ್ನಿಕ್ ಚೀನಾದಲ್ಲಿ ಕೊಂಡು ತಂದ ಜಿನ್ಸೆಂಗ್ ಗುಳಿಗೆಗಳನ್ನು ನುಂಗಿದೆವು, ಅದರಲ್ಲಿ ಇದು ಬೆರೆತಿತ್ತು, ನಮಗೆ ಗೊತ್ತಿರಲಿಲ್ಲ. ಕೇಂದ್ರ ಕ್ರೀಡಾ ಸಚಿವರು ತರಬೇತುದಾರರನ್ನು ತೆಗೆದುಹಾಕಿದರು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯ, ಅಂದರೆ ನಾಡಾದ, ಶಿಸ್ತು ಸಮಿತಿ ಓಟಗಾರ್ತಿಯರ ಮಾತನ್ನು ಬಹುಮಟ್ಟಿಗೆ ಒಪ್ಪಿ 2011ರ ಡಿಸೆಂಬರ್‌ನಲ್ಲಿ ಒಂದು ವರ್ಷದ ನಿಷೇಧ ಹಾಕಿತು. ಆಗ ಪೂರ್ಣ ಶಿಕ್ಷೆ ಎರಡು ವರ್ಷ ಇತ್ತು, ಅದನ್ನು ಅರ್ಧಕ್ಕೆ ಇಳಿಸಿದ ಹಾಗಾಯಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಫೆಡರೇಷನ್ ಇದನ್ನು ಒಪ್ಪದೆ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಗೆ ಮೇಲ್ಮನವಿ ಹೋಯಿತು. 2012ರ ಜುಲೈನಲ್ಲಿ ಆ ಮಂಡಳಿ ನಿಷೇಧವನ್ನು ಎರಡು ವರ್ಷಕ್ಕೆ ಏರಿಸಿತು. ಅದೇ ತಿಂಗಳ ಕೊನೆಗೆ ಲಂಡನ್ ಒಲಿಂಪಿಕ್ಸ್ ಶುರುವಾಯಿತು, ಇವರಿಲ್ಲದೆ.

ನಾಡಿನ ಜನ ಆಗ ಕೇಳಿದ ಪ್ರಶ್ನೆ ಸಹಜವಾದದ್ದು: ಕೊಟ್ಟವನು ಕೋಚ್, ತಂದವನು ಕೋಚ್, ಶಿಕ್ಷೆ ಹುಡುಗಿಯರಿಗೇಕೆ? ಇದಕ್ಕೆ ಉತ್ತರ ಸಿಗಬೇಕಾದರೆ ಪರೀಕ್ಷೆ ಹೇಗೆ ನಡೆಯುತ್ತದೆ, ನಿಯಮ ಏನು ಹೇಳುತ್ತದೆ ಎಂಬೆರಡನ್ನು ಹತ್ತಿರದಿಂದ ನೋಡಬೇಕು.

ಓಟ ಮುಗಿದು ಇನ್ನೂ ಏದುಸಿರು ಬಿಡುತ್ತಿರುವಾಗಲೇ ಒಬ್ಬ ಅಧಿಕಾರಿ ಬಂದು, ನಿಮ್ಮನ್ನು ಪರೀಕ್ಷೆಗೆ ಆರಿಸಿದೆ ಎಂದು ತಿಳಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಕ್ರೀಡಾಪಟು ಅವರ ಕಣ್ಣಳತೆ ದಾಟುವಂತಿಲ್ಲ. ಪರೀಕ್ಷಾ ಕೋಣೆಯಲ್ಲಿ ಮೂತ್ರ ಹಿಡಿಯುವ ಪಾತ್ರೆಯನ್ನೂ ಬಾಟಲಿಗಳ ಪೆಟ್ಟಿಗೆಯನ್ನೂ ಹಲವುಗಳಿಂದ ಕ್ರೀಡಾಪಟುವೇ ಆರಿಸಿಕೊಳ್ಳಬೇಕು. ಮಹಿಳೆಯಾದರೆ ಮಹಿಳಾ ಅಧಿಕಾರಿ, ಪುರುಷನಾದರೆ ಪುರುಷ ಅಧಿಕಾರಿ ಎದುರಿಗೆ ನಿಂತು ನೋಡುತ್ತಿರುವಾಗಲೇ ಮಾದರಿ ಕೊಡಬೇಕು. ಕನಿಷ್ಠ 90 ಮಿಲಿಲೀಟರ್ ಬೇಕು. ಆಮೇಲೆ ಕ್ರೀಡಾಪಟು ತನ್ನ ಕೈಯಿಂದಲೇ ಅದನ್ನು ‘ಎ’ ಮತ್ತು ‘ಬಿ’ ಎಂಬ ಎರಡು ಗಾಜಿನ ಬಾಟಲಿಗಳಿಗೆ ಸುರಿದು, ಮುಚ್ಚಳ ತಿರುಗಿಸಿ, ಬಿಗಿದು, ಸಂಖ್ಯೆ ಸರಿಯಿದೆಯೇ ನೋಡುತ್ತಾರೆ. ಮುಚ್ಚಳ ಒಮ್ಮೆ ಬಿಗಿದರೆ ಪ್ರಯೋಗಾಲಯದಲ್ಲಿ ಮಾತ್ರ ಬಿಚ್ಚಲು ಸಾಧ್ಯ. ಕೊನೆಗೆ ಒಂದು ಫಾರ್ಮು. ಹಿಂದಿನ ಏಳು ದಿನ ತೆಗೆದುಕೊಂಡ ಗುಳಿಗೆ, ಸೂಜಿ, ಪೌಡರು ಎಲ್ಲವನ್ನೂ ಅದರಲ್ಲಿ ಬರೆಯಬೇಕು, ಕೆಳಗೆ ಸಹಿ ಮಾಡಬೇಕು. ದಣಿದು ಕೂತ ಹುಡುಗ ಎಷ್ಟೋ ಸಲ ಆ ಜಾಗವನ್ನು ಖಾಲಿ ಬಿಡುತ್ತಾನೆ. ವರ್ಷದ ಮೇಲೆ ವಿಚಾರಣೆಯಲ್ಲಿ, ಕೆಮ್ಮಿನ ಔಷಧ ಕುಡಿದಿದ್ದೆ ಎಂದು ಹೇಳಿದರೆ, ಹಾಗಾದರೆ ಆ ದಿನ ಏಕೆ ಬರೆಯಲಿಲ್ಲ ಎಂಬ ಪ್ರಶ್ನೆ ಎದುರಾಗುತ್ತದೆ. ಖಾಲಿ ಬಿಟ್ಟ ಆ ಸಾಲು ಅವನ ವಿರುದ್ಧದ ಸಾಕ್ಷಿಯಾಗುತ್ತದೆ.

ಇನ್ನು ನಿಯಮ. 1999ರಲ್ಲಿ ಹುಟ್ಟಿದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, ಎಲ್ಲ ದೇಶಗಳಿಗೂ ಎಲ್ಲ ಆಟಗಳಿಗೂ ಒಂದೇ ಸಂಹಿತೆಯನ್ನು ರೂಪಿಸಿತು. ಅದು 2004ರ ಜನವರಿ 1ರಿಂದ ಜಾರಿಗೆ ಬಂತು, ನಂತರ 2009, 2015, 2021ರಲ್ಲಿ ಪರಿಷ್ಕರಣೆಗೊಂಡಿತು. ಅದರ 2.1ನೇ ವಿಧಿಯ ಸಾರ ಇದು: ತನ್ನ ಮೈಯೊಳಗೆ ನಿಷೇಧಿತ ಪದಾರ್ಥ ಸೇರದಂತೆ ನೋಡಿಕೊಳ್ಳುವುದು ಪ್ರತಿಯೊಬ್ಬ ಕ್ರೀಡಾಪಟುವಿನ ವೈಯಕ್ತಿಕ ಕರ್ತವ್ಯ. ಮಾದರಿಯಲ್ಲಿ ಅದು ಸಿಕ್ಕರೆ ಸಾಕು, ಉಲ್ಲಂಘನೆ ಆಯಿತು. ಬೇಕೆಂದು ತೆಗೆದುಕೊಂಡರು ಎಂದಾಗಲಿ, ಅಲಕ್ಷ್ಯ ಮಾಡಿದರು ಎಂದಾಗಲಿ, ಅವರಿಗೆ ಗೊತ್ತಿತ್ತು ಎಂದಾಗಲಿ ಸಂಸ್ಥೆ ಸಾಬೀತು ಮಾಡಬೇಕಾಗಿಲ್ಲ. ಕಟ್ಟುನಿಟ್ಟಿನ ಹೊಣೆಗಾರಿಕೆ ಎಂದು ಕರೆಯುವುದು ಇದನ್ನೇ.

ಇದು ನಮ್ಮ ರೈತರಿಗೆ ಹೊಸ ವಿಚಾರವಲ್ಲ. ನಮ್ಮ ಎತ್ತು ಹಗ್ಗ ಹರಕೊಂಡು ಹೋಗಿ ಬಾಜೂ ಹೊಲದ ಜೋಳ ಮೇಯ್ದರೆ ಊರ ಹಿರಿಯರು ಮೊದಲು ಕೇಳುವುದು ‘ಎತ್ತು ಯಾರದು’ ಎಂದು. ಹೋದ ಪೈರಿನ ಲುಕ್ಸಾನು ನಾವು ತುಂಬಿಕೊಡಲೇಬೇಕು. ಹಗ್ಗ ತಾನಾಗಿ ಹರಿಯಿತೋ, ಸೇಡಿಗಾಗಿ ನಾವೇ ಬಿಚ್ಚಿಬಿಟ್ಟೆವೋ ಎಂಬುದು ಎರಡನೇ ಪ್ರಶ್ನೆ, ಅದರ ಮೇಲೆ ದಂಡ ಹೆಚ್ಚೋ ಕಡಿಮೆಯೋ ಆಗುತ್ತದೆ. ಮದ್ದಿನ ಕಾನೂನಿನಲ್ಲಿಯೂ ಇವೇ ಎರಡು ಮೆಟ್ಟಿಲು. ಮೊದಲನೆಯದು ಉಲ್ಲಂಘನೆ ಆಯಿತೋ ಇಲ್ಲವೋ ಎಂಬುದು, ಅಲ್ಲಿ ಮನಸ್ಸಿನ ಮಾತಿಗೆ ಜಾಗವಿಲ್ಲ. ಆ ಕೂಟದಲ್ಲಿ ಗೆದ್ದ ಪದಕ ಅಲ್ಲಿಯೇ ಹೋಗುತ್ತದೆ. ಎರಡನೆಯದು ಎಷ್ಟು ವರ್ಷ ನಿಷೇಧ ಎಂಬುದು, ಅಲ್ಲಿ ತಪ್ಪು ಎಷ್ಟರದು ಎಂದು ತೂಗುತ್ತಾರೆ. ಅನೇಕ ಚರ್ಚೆಗಳಲ್ಲಿ ಈ ಎರಡು ಮೆಟ್ಟಿಲು ಕಲಸಿಹೋಗುತ್ತವೆ, ಹಾಗಾಗಿಯೇ ಗೊಂದಲ.

ಮೊದಲ ಮೆಟ್ಟಿಲು ಇಷ್ಟು ಕಠಿಣ ಏಕಿರಬೇಕು? 1995ರಲ್ಲಿ ಲೊಸಾನ್ ನ್ಯಾಯಮಂಡಳಿ ಕ್ವಿಗ್ಲಿ ಎಂಬ ಅಮೆರಿಕನ್ ಶೂಟರ್‌ನ ಪ್ರಕರಣದಲ್ಲಿ ಈ ಪ್ರಶ್ನೆಯನ್ನು ಎದುರಿಸಿತು. ಕೈರೋದಲ್ಲಿ ವಿಶ್ವಕಪ್ ಸ್ಪರ್ಧೆಗೆ ಹೋದಾಗ ಅವನಿಗೆ ಕಾಯಿಲೆಯಾಯಿತು, ವೈದ್ಯರು ಕೊಟ್ಟ ಔಷಧ ಕುಡಿದ, ಅದರಲ್ಲಿ ಎಫೆಡ್ರಿನ್ ಇತ್ತು. ಮಂಡಳಿ ಅಂದು ಮುಂದಿಟ್ಟ ತರ್ಕದ ತಿರುಳು ಇಷ್ಟು. ಅರಿಯದೆ ಸೇವಿಸಿದವನಿಗೆ ಈ ನಿಯಮದಿಂದ ಅನ್ಯಾಯ ಆಗಬಹುದು. ಆದರೆ ಅವನ ಮೈಯಲ್ಲಿ ಮದ್ದು ಕೆಲಸ ಮಾಡಿದೆ, ಅವನ ಗೆಲುವನ್ನು ಉಳಿಸಿದರೆ ಶುದ್ಧವಾಗಿ ಆಡಿದ ಉಳಿದೆಲ್ಲರಿಗೂ ಅನ್ಯಾಯ. ಮೇಲಾಗಿ ಉದ್ದೇಶವನ್ನು ಸಾಬೀತು ಮಾಡಲೇಬೇಕೆಂದರೆ, ಬೇಕೆಂದೇ ಸೇವಿಸಿದವರೂ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುತ್ತಾರೆ. ಇಷ್ಟೆಲ್ಲ ಹೇಳಿದ ಮೇಲೂ ಮಂಡಳಿ ಕ್ವಿಗ್ಲಿಯ ಪರವಾಗಿಯೇ ತೀರ್ಪು ಕೊಟ್ಟಿತು. ಶೂಟಿಂಗ್ ಒಕ್ಕೂಟದ ನಿಯಮದಲ್ಲಿ ಕಟ್ಟುನಿಟ್ಟಿನ ಹೊಣೆ ಸ್ಪಷ್ಟವಾಗಿ ಬರೆದಿರಲಿಲ್ಲ ಎಂಬುದು ಕಾರಣ. ಇಷ್ಟು ಕಠಿಣವಾದ ನಿಯಮ ಹೇರುವವರು ಅದನ್ನು ಮೊದಲು ಸ್ಪಷ್ಟವಾಗಿ ತಿಳಿಸಬೇಕು ಎಂಬ ಪಾಠ ಆ ತೀರ್ಪಿನಲ್ಲಿದೆ. ನನ್ನ ಇಡೀ ಮಾತಿಗೆ ಆಧಾರ ಆ ಪಾಠವೇ.

2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈ ನಿಯಮ ತನ್ನ ಅತ್ಯಂತ ಕಠೋರ ರೂಪವನ್ನು ತೋರಿಸಿತು. ರೊಮೇನಿಯಾದ ಆಂಡ್ರಿಯಾ ರಾದುಕಾನ್ ಎಂಬ ಹದಿನಾರರ ಬಾಲೆ ಜಿಮ್ನಾಸ್ಟಿಕ್ಸ್‌ನ ಸಮಗ್ರ ಸ್ಪರ್ಧೆಯಲ್ಲಿ ಚಿನ್ನ ಗೆದ್ದಳು. ಅವಳಿಗೆ ನೆಗಡಿ ಆಗಿತ್ತು, ತಂಡದ ವೈದ್ಯರು ಒಂದು ಗುಳಿಗೆ ಕೊಟ್ಟಿದ್ದರು, ಅದರಲ್ಲಿ ಸುಡೋಎಫೆಡ್ರಿನ್ ಇತ್ತು. ಮೇಲ್ಮನವಿಯೂ ಬಿದ್ದುಹೋಯಿತು, ಆ ಚಿನ್ನ ಅವಳ ಕೈತಪ್ಪಿತು. ಆದರೆ ಅವಳಿಗೆ ನಿಷೇಧ ಹಾಕಲಿಲ್ಲ, ಬೇರೆ ಎರಡು ಪದಕಗಳು ಉಳಿದವು. ಶಿಕ್ಷೆ ಬಿದ್ದದ್ದು ವೈದ್ಯರಿಗೆ, ಅವರನ್ನು ಕೂಟದಿಂದ ಹೊರಗೆ ಹಾಕಿದರು. ಪದಕ ಹೋಗಬೇಕಾಗಿತ್ತೇ ಎಂದು ಯಾರಾದರೂ ಕೇಳಿದರೆ, ಮನಸ್ಸು ನೋಯುತ್ತಿದ್ದರೂ ಹೌದು ಎನ್ನುತ್ತೇನೆ. ಪದಕ ಎಂಬುದು ಆ ದಿನದ ಸ್ಪರ್ಧೆಯ ಫಲ, ಆ ದಿನ ಸ್ಪರ್ಧೆ ಸಮವಾಗಿರಲಿಲ್ಲ. ಬಾಲೆಯ ಮುಂದಿನ ವರ್ಷಗಳನ್ನು ಕಸಿಯದೆ, ಗುಳಿಗೆ ಕೊಟ್ಟ ಕೈಯನ್ನು ಹಿಡಿದದ್ದು ಆ ಪ್ರಕರಣದಲ್ಲಿ ನಡೆದ ನ್ಯಾಯ.

ಎರಡನೇ ಮೆಟ್ಟಿಲಿಗೆ ಬರೋಣ. 2015ರಿಂದ ಸ್ಟೀರಾಯ್ಡ್‌ನಂಥ ಮದ್ದು ಸಿಕ್ಕರೆ ನಿಷೇಧ ನಾಲ್ಕು ವರ್ಷ. ಬೇಕೆಂದು ಸೇವಿಸಲಿಲ್ಲ ಎಂದು ಕ್ರೀಡಾಪಟುವೇ ತೋರಿಸಿದರೆ ಎರಡು ವರ್ಷಕ್ಕೆ ಇಳಿಯುತ್ತದೆ. ‘ನಿರ್ದಿಷ್ಟ ಪದಾರ್ಥ’ ಎಂದು ಗುರುತಿಸಿದ, ಔಷಧ ಮತ್ತು ಪೌಡರುಗಳಲ್ಲಿ ಅರಿಯದೆ ಬರಬಹುದಾದವುಗಳಿಗೆ ಎರಡು ವರ್ಷದಿಂದ ಶುರುವಾಗಿ, ತಪ್ಪಿನ ಪ್ರಮಾಣ ನೋಡಿ ಬರೀ ಎಚ್ಚರಿಕೆಯವರೆಗೂ ಇಳಿಯಬಹುದು. ತಪ್ಪು ಏನೇನೂ ಇಲ್ಲ ಎಂದು ಸಾಬೀತಾದರೆ ನಿಷೇಧವೇ ಇಲ್ಲ.

ಇಲ್ಲಿ ನಮ್ಮ ನಾಡಿನ ಇನ್ನೊಂದು ಹೆಸರು ಬರುತ್ತದೆ. ಕೊಡಗಿನ ಗೋಣಿಕೊಪ್ಪದಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬೆಳೆದ ಎಂ.ಆರ್. ಪೂವಮ್ಮ 2014 ಮತ್ತು 2018ರ ಏಷ್ಯನ್ ಕೂಟಗಳಲ್ಲಿ ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದವರು, ಅರ್ಜುನ ಪ್ರಶಸ್ತಿ ಪಡೆದವರು. 2021ರ ಫೆಬ್ರುವರಿ 18ರಂದು ಪಟಿಯಾಲದ ಇಂಡಿಯನ್ ಗ್ರ್ಯಾನ್‌ಪ್ರಿ ಕೂಟದಲ್ಲಿ ಅವರು ಕೊಟ್ಟ ಮಾದರಿಯಲ್ಲಿ ಮೀಥೈಲ್‌ಹೆಕ್ಸಾನಮೀನ್ ಎಂಬ ಉತ್ತೇಜಕ ಸಿಕ್ಕಿತು. ಶಿಸ್ತು ಸಮಿತಿ 2022ರ ಜೂನ್‌ನಲ್ಲಿ ಮೂರು ತಿಂಗಳ ನಿಷೇಧ ಹಾಕಿತು. ನಾಡಾ ಮೇಲ್ಮನವಿ ಹೋಯಿತು, ಮೇಲ್ಮನವಿ ಸಮಿತಿ ಸೆಪ್ಟೆಂಬರ್‌ನಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಅಶ್ವಿನಿ ಪ್ರಕರಣಕ್ಕೂ ಇದಕ್ಕೂ ಹತ್ತು ವರ್ಷದ ಅಂತರ, ನಡೆದ ದಾರಿ ಮಾತ್ರ ಒಂದೇ: ಕೆಳಗಿನ ಸಮಿತಿಯಲ್ಲಿ ಕನಿಕರ, ಮೇಲಿನದರಲ್ಲಿ ಪೂರ್ಣ ಶಿಕ್ಷೆ. ಕೆಳಗೆ ಸಿಕ್ಕ ಕನಿಕರವನ್ನು ನಂಬಿ ಮರಳುವ ಕನಸು ಕಟ್ಟಿಕೊಂಡವರು ಮತ್ತೆ ಬೀಳುತ್ತಾರೆ. ಮೃದು ತೀರ್ಪಿಗಿಂತ ಮೊದಲೇ ಕೊಟ್ಟ ಎಚ್ಚರಿಕೆ ಕ್ರೀಡಾಪಟುವನ್ನು ಹೆಚ್ಚು ಕಾಯುತ್ತದೆ.

ಆ ಮೀಥೈಲ್‌ಹೆಕ್ಸಾನಮೀನ್ ಬಗ್ಗೆ ಪೈಲವಾನರು ಕೇಳಿಸಿಕೊಳ್ಳಬೇಕು. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕೂಟಕ್ಕೆ ಮುಂಚೆ ಕುಸ್ತಿಪಟುಗಳೂ ಸೇರಿ ಭಾರತದ ಹಲವರು ಸಿಕ್ಕಿಬಿದ್ದದ್ದು ಇದರಿಂದಲೇ. ವ್ಯಾಯಾಮಕ್ಕೆ ಮುಂಚೆ ಕುಡಿಯುವ ಪೌಡರುಗಳಲ್ಲಿ ಇದು ‘ಜೆರೇನಿಯಂ ಸಾರ’ ಎಂಬ ಗಿಡದ ಹೆಸರಿನಲ್ಲಿ ಬಂದದ್ದುಂಟು. ಡಬ್ಬಿಯ ಮೇಲೆ ಎಲೆ, ಹೂವು, ‘ನೈಸರ್ಗಿಕ’ ಎಂಬ ಬರಹ ಇದ್ದರೆ ನಂಬುವುದು ನಮ್ಮ ಜನರ ಸ್ವಭಾವ. ಜಿನ್ಸೆಂಗ್ ಕೂಡ ಒಂದು ಬೇರೇ ಆಗಿತ್ತು ಎಂಬುದನ್ನು ಮರೆಯಬಾರದು.

ಇನ್ನು ಸಾಬೀತು ಮಾಡುವ ಭಾರ. ಮದ್ದು ಮೈಯಲ್ಲಿ ಇತ್ತು ಎಂಬಷ್ಟನ್ನು ಸಂಸ್ಥೆ ತೋರಿಸಿದರೆ ಸಾಕು. ಅದು ಹೇಗೆ ಒಳಗೆ ಹೋಯಿತು ಎಂಬುದನ್ನು ತೋರಿಸಿ ರಿಯಾಯಿತಿ ಕೇಳಬೇಕಾದವರು ಕ್ರೀಡಾಪಟು. ಮಹಾರಾಷ್ಟ್ರ ಕೇಸರಿ ಪಟ್ಟವನ್ನು ಮೂರು ಸಲ ಗೆದ್ದ ನರಸಿಂಗ್ ಯಾದವ್ ಅವರ ಹೆಸರು ಗಡಿ ಜಿಲ್ಲೆಯ ನಿಮಗೆಲ್ಲ ಗೊತ್ತು. 2016ರ ರಿಯೊ ಒಲಿಂಪಿಕ್ಸ್‌ಗೆ ಮುಂಚೆ ಅವರ ಮಾದರಿಯಲ್ಲಿಯೂ ಮೆಥಾಂಡಿನೋನ್ ಸಿಕ್ಕಿತು. ತರಬೇತಿ ಕೇಂದ್ರದಲ್ಲಿ ಯಾರೋ ತಮ್ಮ ಪಾನೀಯದಲ್ಲಿ ಬೆರೆಸಿದರು ಎಂದರು. ನಾಡಾ ಸಮಿತಿ ಅದನ್ನು ನಂಬಿ ಆಗಸ್ಟ್ 1ರಂದು ಅವರನ್ನು ಬಿಟ್ಟಿತು. ವಾಡಾ ಮೇಲ್ಮನವಿ ಹಾಕಿತು. ಮಾದರಿಯಲ್ಲಿದ್ದ ಪ್ರಮಾಣ ನೋಡಿದರೆ ಇದು ನೀರಿನಲ್ಲಿ ಉದುರಿಸಿದ ಪುಡಿಯಲ್ಲ, ಗುಳಿಗೆ ರೂಪದಲ್ಲಿ ಹೋದದ್ದು ಎಂದು ತಜ್ಞರು ಹೇಳಿದರು. ಆಗಸ್ಟ್ 18ರಂದು, ಅಖಾಡಕ್ಕೆ ಇಳಿಯುವ ಹಿಂದಿನ ದಿನ, ನಾಲ್ಕು ವರ್ಷದ ನಿಷೇಧ ಬಿತ್ತು. ಸಂಚು ನಡೆಯಿತು ಎಂದು ಹೇಳುವುದು ಸುಲಭ, ಅದಕ್ಕೆ ಪುರಾವೆ ಒದಗಿಸುವುದು ಬೇರೆಯೇ ಕೆಲಸ.

ಈ ಭಾರ ಎಲ್ಲರಿಗೂ ಒಂದೇ ತೂಕದ್ದಲ್ಲ. ಟೆನಿಸ್ ಆಟಗಾರ ಯಾನಿಕ್ ಸಿನ್ನರ್ ಅವರ ಮಾದರಿಯಲ್ಲಿ 2024ರ ಮಾರ್ಚ್‌ನಲ್ಲಿ ಎರಡು ಸಲ ಕ್ಲೋಸ್ಟೆಬೋಲ್ ಎಂಬ ಸ್ಟೀರಾಯ್ಡ್ ಸಿಕ್ಕಿತು. ಮಾಲೀಶು ಮಾಡುವವನು ತನ್ನ ಬೆರಳಿನ ಗಾಯಕ್ಕೆ ಹಾಕಿಕೊಂಡ ಸ್ಪ್ರೇ ಅವನ ಕೈಯಿಂದ ಆಟಗಾರನ ಚರ್ಮಕ್ಕೆ ದಾಟಿತು ಎಂದು ಅವರ ವಕೀಲರು ತಜ್ಞರ ಸಮೇತ ತೋರಿಸಿದರು. ಸ್ವತಂತ್ರ ಮಂಡಳಿ ತಪ್ಪಿಲ್ಲ ಎಂದಿತು. ವಾಡಾ ಮೇಲ್ಮನವಿ ಹೋದ ಮೇಲೆ 2025ರ ಫೆಬ್ರುವರಿಯಲ್ಲಿ ಮೂರು ತಿಂಗಳ ನಿಷೇಧಕ್ಕೆ ಇಬ್ಬರೂ ಒಪ್ಪಿದರು. ಆ ತೀರ್ಪು ತಪ್ಪೆಂದು ನಾನು ಹೇಳುತ್ತಿಲ್ಲ. ಮದ್ದಿನ ದಾರಿ ತೋರಿಸಲು ಸಾಧ್ಯವಾದವರಿಗೆ ಸಿಕ್ಕ ನ್ಯಾಯ ಅದು. ನಮ್ಮ ಯರಗಟ್ಟಿಯ ಹುಡುಗನೊಬ್ಬನ ಮಾದರಿಯಲ್ಲಿ ಅದೇ ಮದ್ದು ಅಷ್ಟೇ ಪ್ರಮಾಣದಲ್ಲಿ ಸಿಕ್ಕರೆ ಅವನು ಯಾವ ತಜ್ಞನ ಬಳಿ ಹೋಗಬೇಕು? ಪೌಡರಿನ ಬಿಲ್ಲು ಅವನ ಹತ್ತಿರ ಇರುವುದಿಲ್ಲ, ಡಬ್ಬಿ ಎಂದೋ ಗುಜರಿಗೆ ಹೋಗಿರುತ್ತದೆ. ನಿಯಮ ಇಬ್ಬರಿಗೂ ಒಂದೇ, ಅದನ್ನು ಎದುರಿಸುವ ಶಕ್ತಿ ಒಂದೇ ಅಲ್ಲ.

ಕೋಚ್ ಕೊಟ್ಟರೆ ಹುಡುಗಿಯರಿಗೇಕೆ ಶಿಕ್ಷೆ ಎಂಬ ಪ್ರಶ್ನೆಗೆ ಈಗ ಮರಳೋಣ. ವಾಡಾ ಸಂಹಿತೆಯ ಟಿಪ್ಪಣಿ ಇದನ್ನು ನೇರವಾಗಿಯೇ ಉತ್ತರಿಸುತ್ತದೆ. ಕಲಬೆರಕೆಯ ಪೌಡರು ತೆಗೆದುಕೊಂಡೆ ಎಂದರೆ, ವೈದ್ಯರೋ ತರಬೇತುದಾರರೋ ಹೇಳದೆ ಕೊಟ್ಟರು ಎಂದರೆ, ಬಳಗದವರೇ ಊಟದಲ್ಲಿ ಬೆರೆಸಿದರು ಎಂದರೆ, ತಪ್ಪು ಸ್ವಲ್ಪವೂ ಇಲ್ಲ ಎಂಬ ಪೂರ್ಣ ಮಾಫಿ ಸಿಗುವುದಿಲ್ಲ. ತನ್ನ ಸುತ್ತ ಯಾರನ್ನು ಇಟ್ಟುಕೊಳ್ಳಬೇಕು ಎಂಬ ಆಯ್ಕೆಯೂ ಕ್ರೀಡಾಪಟುವಿನದೇ ಎಂಬುದು ಅದರ ತರ್ಕ. ಲೋಕ ಸುತ್ತಿದ, ಸಂಬಳಕ್ಕೆ ಕೋಚ್ ಇಟ್ಟುಕೊಂಡ ಆಟಗಾರನಿಗೆ ಈ ತರ್ಕ ಸರಿಹೋಗುತ್ತದೆ. ನಮ್ಮ ಶಿಬಿರಗಳ, ಹಾಸ್ಟೆಲುಗಳ, ತಾಲೀಮುಗಳ ಮಕ್ಕಳ ವಿಷಯದಲ್ಲಿ ನನಗೆ ಇದನ್ನು ಪೂರ್ತಿ ಒಪ್ಪಲು ಆಗುವುದಿಲ್ಲ. ಕೋಚನ್ನು ಅವರು ಆರಿಸಿಕೊಂಡಿಲ್ಲ, ಸರ್ಕಾರ ಕೊಟ್ಟಿದೆ. ತಾಲೀಮಿನ ಗುರುಗಳಾದ ವಸ್ತಾದರ ಕಾಲು ಮುಟ್ಟಿ ಕಣಕ್ಕಿಳಿಯುವ ಹುಡುಗನಿಗೆ, ಅವರು ಕೊಟ್ಟ ಖುರಾಕನ್ನು ಅನುಮಾನಿಸು ಎಂದು ಯಾರೂ ಕಲಿಸಿಲ್ಲ. ಆ ಭಕ್ತಿ ನಮ್ಮ ಪರಂಪರೆಯ ದೊಡ್ಡ ಗುಣ. ಹಾಗಿರುವಾಗ ಆ ಭಕ್ತಿಗೆ ತಕ್ಕ ಹೊಣೆಯನ್ನು ಗುರುವೂ ಹೊರಬೇಕು.

ಕಾನೂನಿನಲ್ಲಿ ಇದಕ್ಕೆ ಜಾಗ ಇದೆ. ಮದ್ದು ಕೊಟ್ಟವರು, ಮಾರಿದವರು, ಮುಚ್ಚಿಟ್ಟವರು ಪ್ರತ್ಯೇಕವಾಗಿ ತಪ್ಪಿತಸ್ಥರು. ಕೊಟ್ಟವರಿಗೂ ಮಾರಿದವರಿಗೂ ನಾಲ್ಕು ವರ್ಷದಿಂದ ಆಜೀವದವರೆಗೆ ನಿಷೇಧ ಹಾಕಬಹುದು. 2021ರ ಸಂಹಿತೆ ಹದಿನಾರು ತುಂಬದವರನ್ನೂ, ಹದಿನೆಂಟು ತುಂಬದ ಬಹುತೇಕ ಮಕ್ಕಳನ್ನೂ ‘ರಕ್ಷಿತ ವ್ಯಕ್ತಿ’ಗಳೆಂದು ಗುರುತಿಸಿದೆ. ಮದ್ದು ಹೇಗೆ ಒಳಗೆ ಹೋಯಿತು ಎಂದು ತೋರಿಸುವ ಭಾರ ಅವರ ಮೇಲಿಲ್ಲ, ಅವರ ಶಿಕ್ಷೆ ಬರೀ ಎಚ್ಚರಿಕೆಯವರೆಗೂ ಇಳಿಯಬಹುದು. ಅಂಥ ಮಗು ಸಿಕ್ಕಿಬಿದ್ದರೆ ಅದರ ಕೋಚ್ ಮತ್ತು ಬಳಗದವರ ತನಿಖೆ ಕಡ್ಡಾಯ. ಭಾರತದಲ್ಲಿ 2022ರಲ್ಲಿ ಸಂಸತ್ತು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆಯನ್ನು ಅಂಗೀಕರಿಸಿ ನಾಡಾಕ್ಕೆ ಶಾಸನದ ಬಲ ಕೊಟ್ಟಿತು. ಆದರೂ ಪತ್ರಿಕೆಗಳಲ್ಲಿ ಬರುವ ಹೆಸರುಗಳನ್ನು ನೋಡಿ: ಹೆಚ್ಚಿನವು ಆಟಗಾರರವು, ತರಬೇತುದಾರರವು ಅಪರೂಪ. ಕೈಗೆ ಸುಲಭವಾಗಿ ಸಿಗುವುದು ಮೂತ್ರದ ಬಾಟಲಿ. ಅದರ ಹಿಂದಿನ ಕೈಯನ್ನು ಹುಡುಕಲು ಬೇಕಾದ ತನಿಖೆ, ತಾಳ್ಮೆ, ಜನ ನಮ್ಮಲ್ಲಿ ಸಾಲದು.

ವಾಡಾದ 2023ರ ಅಂಕಿಅಂಶ ನಮ್ಮ ದೇಶದ ಸ್ಥಿತಿಯನ್ನು ಹೇಳುತ್ತದೆ. ಭಾರತದಲ್ಲಿ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ಮದ್ದು ಸಿಕ್ಕಿತು, ಅಂದರೆ ಶೇ 3.8. ಐದು ಸಾವಿರಕ್ಕಿಂತ ಹೆಚ್ಚು ಮಾದರಿ ಪರೀಕ್ಷಿಸಿದ ದೇಶಗಳಲ್ಲಿ ಇದೇ ಅತಿ ಹೆಚ್ಚಿನ ಪ್ರಮಾಣ. ಇವರೆಲ್ಲ ಅಮಾಯಕರು ಎಂದು ಹೇಳಿದರೆ ಸುಳ್ಳಾಗುತ್ತದೆ. ಕ್ರೀಡಾ ಕೋಟಾದ ನೌಕರಿಗಾಗಿ, ಒಂದು ಪದಕದ ಸರ್ಟಿಫಿಕೇಟಿಗಾಗಿ ಗೊತ್ತಿದ್ದೂ ಸೂಜಿ ಮಾಡಿಸಿಕೊಳ್ಳುವವರು ಇದ್ದಾರೆ. ಅವರ ಪಕ್ಕದಲ್ಲಿ ಏನೂ ತೆಗೆದುಕೊಳ್ಳದೆ ಓಡಿ ನಾಲ್ಕನೇ ಸ್ಥಾನಕ್ಕೆ ಬಿದ್ದ ಹುಡುಗಿಯ ಪರವಾಗಿ ಮಾತನಾಡುವವರು ಯಾರು? ಕಟ್ಟುನಿಟ್ಟಿನ ಹೊಣೆಗಾರಿಕೆ ಇರಲೇಬೇಕು ಎಂದು ನಾನು ವಾದಿಸುವುದು ಅವಳಿಗಾಗಿ. ಅವಳ ಬೆವರಿಗೆ ಇರುವ ಏಕೈಕ ಕಾವಲು ಅದು.

ಈಗ ನಮ್ಮ ಸೀಮೆಯ ಮಾತು. ಜಾತ್ರೆಯ ಕುಸ್ತಿಯಲ್ಲಿ ಪರೀಕ್ಷೆ ಇಲ್ಲ. ಅಲ್ಲಿ ಬೆಳೆದ ರೂಢಿ ಮುಂದೆ ರಾಷ್ಟ್ರೀಯ ಕೂಟದಲ್ಲಿ ಮುಳುವಾಗುತ್ತದೆ. ತೂಕ ಇಳಿಸಲು ಮೂತ್ರ ಹೋಗುವ ಗುಳಿಗೆ ನುಂಗುವ ಪದ್ಧತಿಯನ್ನು ಮೊದಲು ಹೇಳುತ್ತೇನೆ. ಫ್ಯೂರೊಸೆಮೈಡ್‌ನಂಥ ಈ ಗುಳಿಗೆಗಳು ಬೇರೆ ಮದ್ದನ್ನು ಮರೆಮಾಚುತ್ತವೆ ಎಂಬ ಕಾರಣಕ್ಕೆ ವರ್ಷವಿಡೀ ನಿಷಿದ್ಧ. ಮೈಯ ನೀರು ಹಿಂಡುವುದರಿಂದ ಪ್ರಾಣಕ್ಕೂ ಅಪಾಯ. ತೂಕ ಇಳಿಸಿಕೊಳ್ಳುವುದು ಕುಸ್ತಿಪಟುವಿನದೇ ಹೊಣೆ ಎಂಬ ಮಾತು 2024ರ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚಾಗಿ ಫೈನಲ್ ಕಳೆದುಕೊಂಡಾಗಲೂ ಕೇಳಿಬಂತು. ಅದು ಮದ್ದಿನ ಪ್ರಕರಣವಲ್ಲ, ಆದರೂ ನ್ಯಾಯಮಂಡಳಿ ಅಲ್ಲಿ ತೋರಿದ ಕಟ್ಟುನಿಟ್ಟು ಇದೇ ಜಾತಿಯದು.

ಕೆಮ್ಮಿನ ಔಷಧ ಎರಡನೆಯದು. ಹಲವು ಸಿರಪ್‌ಗಳಲ್ಲಿ ಟರ್ಬುಟಲಿನ್ ಇರುತ್ತದೆ. 2019ರಲ್ಲಿ ಕ್ರಿಕೆಟಿಗ ಪೃಥ್ವಿ ಶಾ ಅವರಿಗೆ ಎಂಟು ತಿಂಗಳ ನಿಷೇಧ ಬಿದ್ದದ್ದು ಇದರಿಂದ. ಮೂರನೆಯದು ಸೂಜಿ. ನೋವಿಗೆ, ಬಾವಿಗೆ ಕೊಡುವ ಸ್ಟೀರಾಯ್ಡ್ ಸೂಜಿಗಳು 2022ರಿಂದ ಸ್ಪರ್ಧೆಯ ಕಾಲದಲ್ಲಿ ನಿಷಿದ್ಧ. ಆಪರೇಷನ್ ವೇಳೆ ರಕ್ತದೊತ್ತಡ ಇಳಿದಾಗ ಕೊಡುವ ಮೆಫೆಂಟರ್‌ಮಿನ್ ಸೂಜಿಯನ್ನು ದಮ್ಮು ಬರಲೆಂದು ಚುಚ್ಚಿಕೊಳ್ಳುವ ಚಟ ದೇಶದ ಅನೇಕ ಕಡೆ ಜಿಮ್ಮುಗಳಲ್ಲಿ, ಭರ್ತಿಯ ಓಟಕ್ಕೆ ತಯಾರಾಗುವ ಹುಡುಗರಲ್ಲಿ ಹಬ್ಬಿದೆ. ಅದು ಹೃದಯವನ್ನೇ ಕೆಡಿಸುತ್ತದೆ. ಬಿಲ್ಲಿಲ್ಲದೆ ಮಾರುವ ಪೌಡರು ನಾಲ್ಕನೆಯದು. ಬೆಳೆಯುವ ಮೈಗೆ ಹಾಲು, ಬೆಲ್ಲ, ಬಾದಾಮಿ, ಹೆಸರುಕಾಳು, ಮೊಟ್ಟೆ ಇರುವಾಗ ಅದರ ಗೊಡವೆ ನಮ್ಮ ಮಕ್ಕಳಿಗೆ ಬೇಕಿಲ್ಲ.

ಕಾಯಿಲೆಯಾದ ಕ್ರೀಡಾಪಟು ಔಷಧ ತೆಗೆದುಕೊಳ್ಳಲೇಬಾರದೆಂದು ಕಾನೂನು ಹೇಳುವುದಿಲ್ಲ. ಬೇರೆ ಔಷಧ ಇಲ್ಲದಿದ್ದರೆ ವೈದ್ಯರ ದಾಖಲೆ ಇಟ್ಟು ಚಿಕಿತ್ಸೆಗಾಗಿ ಬಳಕೆಯ ವಿನಾಯಿತಿ ಕೇಳಬಹುದು. ನಾಡಾದ ‘ನೋ ಯುವರ್ ಮೆಡಿಸಿನ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಔಷಧದ ಹೆಸರು ಹಾಕಿದರೆ ಅದು ನಿಷಿದ್ಧವೋ ಅಲ್ಲವೋ ತಿಳಿಯುತ್ತದೆ. ನಿಷಿದ್ಧ ಪಟ್ಟಿ ಪ್ರತಿ ವರ್ಷ ಜನವರಿ 1ಕ್ಕೆ ಹೊಸದಾಗುತ್ತದೆ, ಹೋದ ವರ್ಷ ಸರಿಯಿದ್ದದ್ದು ಈ ವರ್ಷ ತಪ್ಪಾಗಬಹುದು.

ಕೊನೆಯದಾಗಿ ಕೆಲವು ವಿನಂತಿಗಳು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯವರು ಆ ಪಟ್ಟಿಯ ಮುಖ್ಯ ಭಾಗವನ್ನು ಪ್ರತಿ ವರ್ಷ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಕ್ರೀಡಾ ಹಾಸ್ಟೆಲಿನ, ಪ್ರತಿ ತಾಲೀಮಿನ ಗೋಡೆಗೆ ಅಂಟಿಸಲಿ. ಔಷಧ ಅಂಗಡಿಯವರು ಚೀಟಿ ಇಲ್ಲದೆ ಬಂದ ಹುಡುಗನಿಗೆ ಸೂಜಿ ಕೊಡದಿರಲಿ. ಊರ ವೈದ್ಯರು ಔಷಧ ಬರೆಯುವ ಮುಂಚೆ, ನೀನು ಕೂಟಕ್ಕೆ ಹೋಗುತ್ತೀಯೇನಪ್ಪ ಎಂದು ಒಂದು ಮಾತು ಕೇಳಲಿ. ವಸ್ತಾದರು ತಾವು ಕೊಡುವ ಪ್ರತಿ ಗುಳಿಗೆ, ಪ್ರತಿ ಡಬ್ಬಿಯ ಹೆಸರನ್ನು ಒಂದು ವಹಿಯಲ್ಲಿ ಬರೆದಿಡಲಿ. ಸಿಕ್ಕಿಬಿದ್ದ ಬಡ ಮಕ್ಕಳಿಗೆ ಪುಕ್ಕಟೆ ವಾದ ಮಾಡಿಕೊಡಲು ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ತಾಲ್ಲೂಕುಗಳ ವಕೀಲ ಮಿತ್ರರು ಮುಂದೆ ಬರಲಿ, ಅವರ ಜೊತೆಗೆ ನಾನೂ ಇರುತ್ತೇನೆ.

ಮತ್ತು ಮಕ್ಕಳೇ, ನಿಮಗೆ ಒಂದು ಮಾತು. ಯಾರೇ ಕೊಡಲಿ, ಎಷ್ಟೇ ದೊಡ್ಡವರಿರಲಿ, ಬಾಯಿಗೆ ಹಾಕುವ ಮುಂಚೆ ‘ಇದರಾಗ ಏನೈತ್ರಿ?’ ಎಂದು ಕೇಳಿ. ಕೇಳುವುದು ಗುರುವಿಗೆ ಮಾಡುವ ಅವಮಾನವಲ್ಲ. ಉತ್ತರ ಸಿಗದಿದ್ದರೆ ನುಂಗಬೇಡಿ.